ಎಲೆ ಎರಡು, ಅಡಿಕೆ ಎರಡು, ನೀರಿನ ಮಾತ್ರೆ ಎರಡು

ನಾನು ಬಿಂದುಶ್ರೀ, ಅತ್ತಿಗುಪ್ಪೆಯ ಒಂದು ನರ್ಸಿಂಗ್ ಹೋಮಿನಲ್ಲಿ ಸ್ಟಾಫ್ ನರ್ಸ್. ಸೂಜಿ ಚುಚ್ಚುವುದು, ಡ್ರಿಪ್ ಹಾಕುವುದು, ಇವೆಲ್ಲ ಕಷ್ಟವೇ ಅಲ್ಲ. ಮನೆಗೆ ಹೊರಟು ನಿಂತ ರೋಗಿಗೆ ಮಾತ್ರೆಯ ಪಾಠ ಹೇಳುವುದಿದೆಯಲ್ಲ, ಅದು ಪ್ರಾಣ ಹಿಂಡುವ ಕೆಲಸ. ಬಾಯಿ ನೋಯುವಷ್ಟು ಹೇಳಿದರೂ ಜನ ‘ಹೂಂ ಸಿಸ್ಟರ್, ಹೂಂ ಸಿಸ್ಟರ್’ ಎಂದು ತಲೆಯಾಡಿಸುತ್ತಾರೆ. ಗೇಟು ದಾಟುವಷ್ಟರಲ್ಲಿ ಊಟಕ್ಕೆ ಮುಂಚಿನದು ಊಟದ ಮೇಲಕ್ಕೆ ಹೋಗಿರುತ್ತದೆ, ಊಟದ ಮೇಲಿನದು ಮರೆತೇ ಹೋಗಿರುತ್ತದೆ. ನಾಲಗೆ ಕೆಳಗೆ ಇಟ್ಟುಕೊಳ್ಳಿ ಎಂದು ಕೊಟ್ಟ ಮಾತ್ರೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ ಮಹಾನುಭಾವರನ್ನೂ ನಾನು ಕಂಡಿದ್ದೇನೆ.

ಅದಕ್ಕೇ ನನ್ನದೊಂದು ಪದ್ಧತಿ ಇದೆ. ಎಲ್ಲ ಹೇಳಿ ಮುಗಿಸಿ, “ಈಗ ನೀವು ಹೇಳಿ, ನಾನೇನು ಹೇಳ್ದೆ?” ಎಂದು ಕೇಳುತ್ತೇನೆ. ಸರಿಯಾಗಿ ಒಪ್ಪಿಸುವ ತನಕ ಮಾತ್ರೆಯ ಕವರ್ ಕೈಗೆ ಕೊಡುವುದಿಲ್ಲ. ಈ ವಿಷಯದಲ್ಲಿ ನನ್ನನ್ನು ಕಂಡರೆ ವಾರ್ಡಿನಲ್ಲಿ ಎಲ್ಲರಿಗೂ ಸ್ವಲ್ಪ ಭಯವೇ. ಅಂಥ ನನ್ನ ಮರ್ಯಾದೆಯನ್ನು ಮಾಗಡಿ ರೋಡಿನ ಉದ್ದಕ್ಕೂ ಹರಾಜು ಹಾಕಿದವರು ನನ್ನ ಅತ್ತೆ ಬೋರಮ್ಮ.

ಅತ್ತೆಯದು ಮಲ್ಲತ್ತಹಳ್ಳಿಯ ಹಳೇ ಮನೆತನ. ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಯಾರಾದರೂ ಮನೆಗೆ ಬಂದು ಬರಿಗೈಲಿ ಹೋದರೆ ಅತ್ತೆಗೆ ಆ ದಿನ ಅನ್ನ ಸೇರುವುದಿಲ್ಲ. ಹೋದ ತಿಂಗಳು ಅವರ ಕಾಲು ಊದಿಕೊಂಡು, ಕಾಲುಂಗುರ ಚರ್ಮದೊಳಗೆ ಹೂತುಹೋಗುವಂತಾಯಿತು. ಡಾಕ್ಟರು ಪರೀಕ್ಷೆ ಮಾಡಿ, ಮೈಯಲ್ಲಿ ಸೇರಿಕೊಂಡ ನೀರನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ ಬರೆದುಕೊಟ್ಟರು. ನಾವು ಅದಕ್ಕೆ ನೀರಿನ ಮಾತ್ರೆ ಎನ್ನುತ್ತೇವೆ.

ಅತ್ತೆಯೆಂದು ನಾನೇನೂ ರಿಯಾಯಿತಿ ತೋರಿಸಲಿಲ್ಲ. ಎದುರಿಗೆ ಕೂರಿಸಿಕೊಂಡು ಪೂರ್ತಿ ಪಾಠ ಹೇಳಿದೆ. ಬೆಳಗ್ಗೆ ತಿಂಡಿ ಆದ ಮೇಲೆ ತಗೊಳ್ಳಿ, ಸಂಜೆ ತಗೊಂಡರೆ ರಾತ್ರಿಯೆಲ್ಲ ಬಾತ್‌ರೂಮಿಗೆ ಓಡಾಡಬೇಕಾಗುತ್ತದೆ. ಕೂತಲ್ಲಿಂದ ಸರಕ್ಕನೆ ಏಳಬೇಡಿ, ತಲೆ ಸುತ್ತುತ್ತದೆ. ಮೂತ್ರದ ಜೊತೆ ಮೈಯಲ್ಲಿರುವ ಪೊಟ್ಯಾಸಿಯಮ್ ಅನ್ನುವ ಲವಣವೂ ಹೋಗುತ್ತದೆ, ಕಾಲು ಹಿಡಿದುಕೊಂಡಂತಾದರೆ ನನಗೆ ಹೇಳಿ. ಬಾಳೆಹಣ್ಣು ತಿನ್ನಬಹುದು, ಡಾಕ್ಟರು ಒಪ್ಪಿದ್ದಾರೆ. ಮಾತ್ರೆ ತಗೊಂಡ ಬೆಳಗ್ಗೆ ದೂರ ಪ್ರಯಾಣ ಇಟ್ಟುಕೊಳ್ಳಬೇಡಿ. ಅತ್ತೆ ಒಂದೇ ಸಲಕ್ಕೆ ಎಲ್ಲವನ್ನೂ ಗಿಣಿಯ ಹಾಗೆ ಒಪ್ಪಿಸಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಡ್ಯೂಟಿಗೆ ಹೋಗಿ ಎಲ್ಲರಿಗೂ ಹೇಳಿಕೊಂಡೆ.

ಮಾತ್ರೆ ಕೆಲಸ ಮಾಡಿತು. ಊತ ಇಳಿಯಿತು, ಹಳೇ ಚಪ್ಪಲಿ ಕಾಲಿಗೆ ಹತ್ತಿತು, ಪಾರ್ಕಿನ ಪಕ್ಕದ ಅಂಗಡಿಯ ತೂಕದ ಮಿಷನ್ನಿನಲ್ಲಿ ಮುಳ್ಳು ಹಿಂದಕ್ಕೆ ಸರಿಯಿತು. ಇಳಿದದ್ದು ನೀರು ಅಷ್ಟೇ, ಕೊಬ್ಬಲ್ಲ. ಆದರೆ ಬೀದಿಯ ಭಜನಾ ಮಂಡಳಿಯ ಹೆಂಗಸರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? “ಏನ್ ಬೋರಮ್ಮಾರೇ, ಇಷ್ಟು ಸಣ್ಣ ಆಗ್ಬಿಟ್ಟಿದೀರಾ, ಏನ್ ಸೀಕ್ರೆಟ್ಟು?” ಎಂದು ಕಲಾವತಿ ಆಂಟಿ ದಿನಾ ಕೇಳುತ್ತಿದ್ದರು. ಅತ್ತೆ ಮುಗುಳ್ನಗುತ್ತಿದ್ದರು. ಆ ಮುಗುಳ್ನಗೆ ಕಂಡಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಶ್ರಾವಣ ಶುಕ್ರವಾರ ಸಂಜೆ ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ. ನನಗೆ ನೈಟ್ ಡ್ಯೂಟಿ ಇತ್ತು. ಶನಿವಾರ ಬೆಳಗ್ಗೆ ಸ್ಕೂಟರ್ ನಿಲ್ಲಿಸಿ ಒಳಗೆ ಬಂದಾಗ ಅತ್ತೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ, ನೀರಿನ ಲೋಟ ಹಿಡಿದು ಕೂತಿದ್ದರು.

“ತಿಂಡಿ ಆಯ್ತು, ಮಾತ್ರೆ ಆಯ್ತು,” ಎಂದರು, ಸ್ಕೂಲ್ ಮಗು ಟೀಚರಿಗೆ ಹೇಳುವ ಹಾಗೆ.

ಶಭಾಷ್ ಎಂದುಕೊಂಡು, ಅಭ್ಯಾಸಬಲದಿಂದ ಅವರ ಮಾತ್ರೆ ಡಬ್ಬಿ ತೆರೆದೆ. ಹೋದ ವಾರವಷ್ಟೇ ತುಂಬಿಸಿಟ್ಟ ಡಬ್ಬಿ ಹೆಚ್ಚುಕಡಿಮೆ ಖಾಲಿ. ಪಕ್ಕದಲ್ಲಿ ಕತ್ತರಿ, ಅದರ ಸುತ್ತ ಮಾತ್ರೆಯ ಹಾಳೆಯ ಬೆಳ್ಳಿ ಚೂರುಗಳು.

“ಅತ್ತೆ, ಮಾತ್ರೆ ಎಲ್ಲಿ?”

“ತಾಂಬೂಲಕ್ಕೆ ಇಟ್ಟೆ ಕಣಮ್ಮಿ.”

ನಾನು ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. “ಏನಂದ್ರಿ?”

“ಎಲೆ ಎರಡು, ಅಡಿಕೆ ಎರಡು, ಬಾಳೆಹಣ್ಣು ಎರಡು, ಮಾತ್ರೆ ಎರಡು. ಒಂಟಿ ಕೊಡಬಾರ್ದಲ್ಲ, ಜೋಡಿ ಜೋಡಿ ಕತ್ತರಿಸಿ ಇಟ್ಟೆ. ಬ್ಲೌಸ್ ಪೀಸ್ ಕೊಟ್ರೆ ಏನು ಪ್ರಯೋಜನ ಹೇಳು? ಬೀದಿಯೆಲ್ಲ ಸುತ್ತಿ ಮುಂದಿನ ಹಬ್ಬಕ್ಕೆ ನಮ್ಮನೆಗೇ ವಾಪಸ್ ಬರುತ್ತೆ. ಇದಾದ್ರೆ ಪಾಪ, ಅವರೂ ಸಣ್ಣ ಆಗ್ತಾರೆ.”

“ಅತ್ತೇ! ಅದೇನು ಕಲ್ಲುಸಕ್ಕರೆನಾ ಹಂಚೋಕೆ?”

“ಸುಮ್ನೆ ಹಂಚಿಲ್ಲ, ಎಲ್ಲಾ ಹೇಳಿಕೊಟ್ಟಿದೀನಿ,” ಎಂದು ಅತ್ತೆ ರೇಗಿದರು. “ಬೆಳಿಗ್ಗೆ ತಿಂಡಿ ಆದ್ಮೇಲೆ, ಸಂಜೆ ಬೇಡ, ಏಳುವಾಗ ನಿಧಾನ, ಬಾಳೆಹಣ್ಣು ಮರೀಬೇಡಿ. ಒಬ್ಬೊಬ್ಬರ ಬಾಯಲ್ಲೂ ವಾಪಸ್ ಹೇಳಿಸಿದೀನಿ. ‘ಈಗ ನೀವು ಹೇಳಿ, ನಾನೇನು ಹೇಳ್ದೆ?’ ಅಂತ.”

ನನ್ನ ಸರ್ವೀಸಿನಲ್ಲೇ ಇಷ್ಟು ಚೆನ್ನಾಗಿ ಪಾಠ ಕಲಿತ ರೋಗಿಯನ್ನು ಕಂಡಿರಲಿಲ್ಲ. ಆ ಪಾಠದಲ್ಲಿ ಒಂದೇ ಒಂದು ಮಾತು ಬಿಟ್ಟುಹೋಗಿತ್ತು, ಇದು ನಿಮಗೊಬ್ಬರಿಗೆ, ಊರಿಗೆಲ್ಲ ಕೊಡಬೇಡಿ ಅನ್ನುವುದು. ಅದನ್ನೂ ಬಾಯಿಬಿಟ್ಟು ಹೇಳಬೇಕೆಂದು ಯಾರಿಗೆ ಗೊತ್ತು? ಗ್ಯಾಸ್ ಸಿಲಿಂಡರ್ ಕೊಡುವವನು ‘ಇದನ್ನು ತಲೆ ಮೇಲೆ ಹೊತ್ತುಕೊಂಡು ಕುಣೀಬೇಡಿ’ ಎಂದು ಹೇಳಿ ಹೋಗುತ್ತಾನಾ?

ಅಷ್ಟರಲ್ಲಿ ಮಹಡಿ ಮನೆಯವರ ನೆನಪಾಯಿತು. “ಹನುಮವ್ವಂಗೂ ಕೊಟ್ರಾ?”

“ಅವಳಿಗೇ ಮೊದಲು ಕೊಟ್ಟಿದ್ದು. ಅವಳ ಕಾಲೂ ಊದುತ್ತಲ್ಲ.”

ಹನುಮವ್ವ ನಮ್ಮ ಮಹಡಿ ಮೇಲಿನ ಬಾಡಿಗೆಯವರು, ಬಾಗಲಕೋಟೆ ಕಡೆಯವರು. ಮಗ ಬಾಳೇಶ ಬೈಕಿನಲ್ಲಿ ಊಟದ ಡೆಲಿವರಿ ಮಾಡುತ್ತಾನೆ. ನೈಟ್ ಡ್ಯೂಟಿ ಮುಗಿಸಿ ಬಂದ ನನ್ನನ್ನು ಮೆಟ್ಟಿಲ ಮೇಲೆ ತಡೆದು “ಉಂಡಿಯೇನವಾ?” ಎಂದು ಕೇಳುವ ಜೀವ ಈ ಬೀದಿಯಲ್ಲಿ ಅದೊಂದೇ. ಅವರ ಹೃದಯ ದುರ್ಬಲ. ಬಡಿತ ಸರಿಯಾಗಿರಲೆಂದು ಒಂದು ಮಾತ್ರೆ, ಜೊತೆಗೆ ನೀರಿನ ಮಾತ್ರೆ ಆಗಲೇ ನಡೆಯುತ್ತಿವೆ. ಪೊಟ್ಯಾಸಿಯಮ್ ಕಡಿಮೆಯಾಯಿತೋ, ಆ ಹೃದಯದ ಮಾತ್ರೆಯೇ ವಿಷದ ಹಾಗೆ ತಿರುಗಿಬೀಳುತ್ತದೆ. ಹೋದ ತಿಂಗಳು ಹಾಗೇ ಆಗಿ, ವಾಂತಿ ಮಾಡಿಕೊಂಡು, ನೋಡಿದ್ದೆಲ್ಲ ಹಳದಿ ಕಾಣುತ್ತದೆ ಎನ್ನುತ್ತಾ ನಮ್ಮ ವಾರ್ಡಿಗೇ ಬಂದು ಸೇರಿದ್ದರು. ನಾಡಿ ಹಿಡಿದಾಗ ನಡುವೆ ನಡುವೆ ತಪ್ಪುತ್ತಿದ್ದ ಆ ಬಡಿತ ನನ್ನ ಬೆರಳಿಗೆ ಇನ್ನೂ ನೆನಪಿದೆ. ಈಗ ಅವರದರ ಮೇಲೆ ಅತ್ತೆಯ ಮಾತ್ರೆಯೂ ಸೇರಿದರೆ ದೇವರೇ ಗತಿ.

ಮೆಟ್ಟಿಲು ಹತ್ತಿ ಓಡಿದೆ. ಬಾಗಿಲಿಗೆ ಬೀಗ. ಫೋನ್ ಮಾಡಿದರೆ ಬೀಗದ ಹಿಂದೆಯೇ ರಿಂಗ್ ಆಯಿತು.

“ಎಲ್ಲಾರೂ ಟೆಂಪೋ ಮಾಡ್ಕೊಂಡು ಮಾಗಡಿ ರಂಗನಾಥನ ದರ್ಶನಕ್ಕೆ ಹೋದ್ರಲ್ಲ, ಶ್ರಾವಣ ಶನಿವಾರ,” ಎಂದರು ಅತ್ತೆ ಕೆಳಗಿನಿಂದ.

“ಮತ್ತೆ ನೀವ್ಯಾಕೆ ಹೋಗ್ಲಿಲ್ಲ?”

“ಮಾತ್ರೆ ತಗೊಂಡ ದಿನ ದೂರ ಪ್ರಯಾಣ ಬೇಡ ಅಂತ ನೀನೇ ಹೇಳಿದ್ಯಲ್ಲಮ್ಮ!”

“ಅದನ್ನ ಅವರಿಗೆ ಹೇಳ್ಲಿಲ್ವಾ?”

“ಹೇಳಿದ್ರೆ ಯಾರೂ ಹೋಗ್ತಿರ್ಲಿಲ್ಲ. ಟೆಂಪೋ ಬೇರೆ ಬುಕ್ ಆಗಿತ್ತು.”

ಕಲಾವತಿ ಆಂಟಿಗೆ ಫೋನ್ ಹಚ್ಚಿದೆ. “ಆಮೇಲೆ ಮಾಡ್ತೀನಿ ಬಿಂದು, ಅರ್ಜೆಂಟು, ಅರ್ಜೆಂಟು!” ಎಂದು ಕಟ್ ಮಾಡಿದರು. ಮತ್ತೆ ಮಾಡಿದರೆ ಎತ್ತಲೇ ಇಲ್ಲ. ಮಂಡಳಿಯ ಉಳಿದವರದೂ ಅದೇ ಕಥೆ. ನಾನು ಅತ್ತೆಯ ಕಡೆ ತಿರುಗಿ, ಬಾಯಿಗೆ ಬಂದದ್ದೆಲ್ಲ ಬೈದೆ. ಕೊನೆಗೆ, “ಹನುಮವ್ವ ಅದನ್ನ ನುಂಗಿದ್ರೆ ಅವರ ಹಾರ್ಟೇ ನಿಂತುಹೋಗಬಹುದು, ಗೊತ್ತಾ ನಿಮಗೆ?” ಎಂದೆ.

ನನ್ನ ಒಂದು ಮಾತಿಗೆ ಹತ್ತು ಮಾತು ಆಡುವ ಹೆಂಗಸಿನ ಮುಖ ಬಿಳುಚಿಕೊಂಡಿತು. ಗೂಟದಲ್ಲಿದ್ದ ನನ್ನ ಗಂಡನ ಹೆಲ್ಮೆಟ್ ತೆಗೆದು ಮುಡಿದ ಮಲ್ಲಿಗೆಯ ಮೇಲೆಯೇ ಒತ್ತಿಕೊಂಡು, ಸ್ಕೂಟರ್ ಹಿಂದೆ ಬಂದು ಕೂತರು.

“ನಡಿ,” ಎಂದರು.

ರಿಂಗ್ ರೋಡಿನಲ್ಲಿ ಸುಮನಹಳ್ಳಿ ತನಕ ಹೋಗಿ ಮಾಗಡಿ ರೋಡಿಗೆ ತಿರುಗಿಕೊಂಡೆ. ಹಂಪ್ ಬಂದಾಗಲೆಲ್ಲ ಅತ್ತೆ “ಅಯ್ಯೋ ರಂಗನಾಥಾ!” ಎಂದು ನನ್ನ ಹೆಗಲನ್ನು ಉಗುರು ನಾಟುವಂತೆ ಹಿಡಿಯುತ್ತಿದ್ದರು. ಹನುಮವ್ವನಿಗಾಗಿ ಬೇಡಿಕೊಳ್ಳುತ್ತಿದ್ದಾರೆ, ಬೇಡಿಕೊಳ್ಳಲಿ ಎಂದುಕೊಂಡೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮೊದಲು ಸಿಕ್ಕಿದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕೇಳಿದೆ. ಪೆಟ್ರೋಲ್ ಹಾಕುವವನು ನಗು ತಡೆಯಲಾರದೆ, “ಬಂದಿದ್ರು ಮೇಡಂ. ಒಂದು ಟೆಂಪೋ ಲೇಡೀಸು. ಟಾಯ್ಲೆಟ್ಟಿಗೆ ಕ್ಯೂ ನಿಂತ್ರು. ಲಾಸ್ಟಲ್ಲಿದ್ದೋರು ಹೊರಗೆ ಬರೋಷ್ಟರಲ್ಲಿ ಫಸ್ಟ್ ಹೋಗಿದ್ದೋರು ಮತ್ತೆ ಕ್ಯೂಗೆ ಬಂದ್ರು,” ಎಂದ.

“ಇಳೀತೀರಾ ಅತ್ತೆ? ಸ್ವಲ್ಪ ನೀರು ಕುಡೀರಿ.”

“ನೀರಿನ ಹೆಸರೇ ಎತ್ಬೇಡ!” ಎಂದು ಅತ್ತೆ ಅರಚಿದರು. “ನಡಿಯೇ ಬೇಗ!”

ಸುಂಕದಕಟ್ಟೆಯಲ್ಲಿ ಒಂದು ದರ್ಶಿನಿ. ಬಾತ್‌ರೂಮ್ ಗಿರಾಕಿಗಳಿಗೆ ಮಾತ್ರ ಎಂದು ಅಲ್ಲಿ ಬೋರ್ಡ್ ಹಾಕಿದ್ದರು. ಕ್ಯಾಶಿನಲ್ಲಿದ್ದವರು ತಲೆ ಕೆರೆದುಕೊಳ್ಳುತ್ತಿದ್ದರು. “ಒಬ್ಬೊಬ್ಬರೂ ಒಂದೊಂದು ಇಡ್ಲಿಗೆ ಬಿಲ್ ಮಾಡ್ಸಿದ್ರು ಮೇಡಂ. ಇಡ್ಲಿ ಮಾತ್ರ ಯಾರೂ ತಗೊಳ್ಳಲಿಲ್ಲ. ಅಲ್ನೋಡಿ, ಸಾಲಾಗಿ ಇಟ್ಕೊಂಡು ಕಾಯ್ತಾ ಇದೀನಿ.”

“ವಯಸ್ಸಾದ ಅಮ್ಮ ಒಬ್ರು ಇದ್ರಾ? ಇಳಕಲ್ ಸೀರೆ, ದೊಡ್ಡ ಕುಂಕುಮ?”

“ಇದ್ರು ಅನ್ಸುತ್ತೆ. ಮುಖ ನೋಡೋಕೆ ಯಾರೂ ನಿಲ್ಲಲೇ ಇಲ್ಲ.”

ಅತ್ತೆ ಹಿಂದಿನ ಸೀಟಿನಲ್ಲಿ ಕಲ್ಲಾಗಿ ಕೂತಿದ್ದರು. ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನು ಬಿಗಿಯಾಗಿ ಹೆಣೆದುಕೊಂಡಿದ್ದರು. ಇಳಿಯಲಿಲ್ಲ. ಹೊಡಿ, ಹೊಡಿ ಎನ್ನುವುದೊಂದೇ ಮಾತು.

ಅಂಜನಾನಗರ ದಾಟಿದ ಮೇಲೆ ಒಂದು ಕಲ್ಯಾಣ ಮಂಟಪ, ಅದರ ಮುಂದೆ ಆ ಟೆಂಪೋ. ಡ್ರೈವರ್ ಮುನಿರಾಜು ಚಕ್ರಕ್ಕೆ ಒರಗಿ ಕೂತಿದ್ದರು. “ಮೇಡಂ, ಇಂಥಾ ಟ್ರಿಪ್ಪು ನಾನು ಜನ್ಮದಲ್ಲಿ ಮಾಡಿಲ್ಲ. ಗೇರ್ ಹಾಕೋಷ್ಟರಲ್ಲಿ ‘ಡ್ರೈವರೇ, ನಿಲ್ಸಿ’ ಅಂತಾರೆ. ಹಿಂಗೇ ಹೋದ್ರೆ ಮಾಗಡಿಗೆ ಮುಂದಿನ ಶನಿವಾರ ಸೇರ್ತೀವಿ,” ಎಂದು ಕೈಮುಗಿದರು. “ಒಳಗೆ ಬಾತ್‌ರೂಮ್ ಜಾಸ್ತಿ ಇದೆ ಅಂತ ಮದುವೆ ಮನೆಗೇ ನುಗ್ಗಿದಾರೆ.”

ಒಳಗೆ ನೋಡಿದರೆ ರಾಜೋಪಚಾರ! ಹೆಣ್ಣಿನ ತಂದೆ ವೆಂಕಟರಮಣಪ್ಪನವರು, ಇಷ್ಟೊಂದು ಗತ್ತಿನಲ್ಲಿ ಒಳಗೆ ಓಡಿಬಂದವರು ಗಂಡಿನ ಕಡೆಯವರೇ ಇರಬೇಕೆಂದು ಮೇಲುಪಚಾರಕ್ಕೆ ಆಳು ಬಿಟ್ಟಿದ್ದರು. ಗಂಡಿನ ಕಡೆಯವರು ಇವರು ಹೆಣ್ಣಿನ ಕಡೆಯವರೆಂದು ಪನ್ನೀರು ಚಿಮುಕಿಸಿದ್ದರು. ಮಂಡಳಿಯ ಹೆಂಗಸರು ಎರಡೂ ಕಡೆಗೆ ನಗುತ್ತಾ, ಒಬ್ಬರಾದ ಮೇಲೊಬ್ಬರು ಹಾಲಿನ ಹಿಂಭಾಗಕ್ಕೆ ಓಡುತ್ತಿದ್ದರು. ಕಲಾವತಿ ಆಂಟಿ ಮಾತ್ರ ಕುರ್ಚಿಯಲ್ಲಿ ಒರಗಿ ತಲೆ ಸುತ್ತುತ್ತಿದೆ ಎನ್ನುತ್ತಿದ್ದರು. ಅವರದು ಮೊದಲೇ ಬಿ.ಪಿ. ಮಾತ್ರೆ ನುಂಗುವ ದೇಹ. ಅವರನ್ನು ಜಮಖಾನದ ಮೇಲೆ ಮಲಗಿಸಿ, ಕಾಲ ಕೆಳಗೆ ಎರಡು ದಿಂಬು ಇಟ್ಟು, “ಏಳಬೇಡಿ, ಈಗ ಬಂದೆ,” ಎಂದೆ. ನನ್ನ ಕಣ್ಣು ಹುಡುಕುತ್ತಿದ್ದುದು ಹನುಮವ್ವನನ್ನು.

ಮಂಟಪದ ಎದುರು ಮೊದಲನೇ ಸಾಲಿನಲ್ಲಿ ಅಲುಗಾಡದೆ ಕೂತಿದ್ದರು. ಓಡಿಹೋಗಿ ಮಂಡಿಯೂರಿ ಕೂತು ಅವರ ಮಣಿಕಟ್ಟು ಹಿಡಿದೆ.

“ಯವ್ವಾ, ನೀ ಯಾಕ ಇಲ್ಲಿ? ನಿಮ್ಮ ಪೈಕಿ ಲಗ್ನ ಏನಿದು?”

“ಮಾತಾಡ್ಬೇಡಿ. ಹೊಟ್ಟೆ ತೊಳಸ್ತಿದೆಯಾ? ಕಣ್ಣಿಗೆ ಹಳದಿ ಏನಾದ್ರೂ ಕಾಣ್ತಿದೆಯಾ?”

“ಹೌದವಾ,” ಎಂದರು ಹನುಮವ್ವ. “ಎಲ್ಲಾ ಹಳದೀನ ಕಾಣಾಕತ್ತೈತಿ.”

 ಮುಗೀತು ಎಂದುಕೊಂಡೆ.

“ಆ ಚೆಂಡು ಹೂವಾ, ಆ ಪರದೆ, ಮದುಮಗಳ ಸೀರಿ, ಮಾರಿ ತುಂಬಾ ಅರಿಷಿಣ. ನಿನಗ ಕಾಣವಲ್ದೇನು?”

ತಲೆ ಎತ್ತಿ ನೋಡಿದೆ. ಯಾವ ಪುಣ್ಯಾತ್ಮ ಅಲಂಕಾರ ಮಾಡಿದ್ದನೋ, ಕಂಬದಿಂದ ಹಿಡಿದು ಕುರ್ಚಿಯ ಬಟ್ಟೆಯ ತನಕ ಇಡೀ ಮಂಟಪವೇ ಹಳದಿ. ಗಡಿಯಾರ ನೋಡುತ್ತಾ ಮತ್ತೆ ನಾಡಿ ಎಣಿಸಿದೆ. ಬಡಿತ ಎಲ್ಲೂ ತಪ್ಪಲಿಲ್ಲ. ವೇಗವೂ ಸರಿಯಾಗಿತ್ತು.

“ಅತ್ತೆ ತಾಂಬೂಲದಲ್ಲಿ ಕೊಟ್ಟ ಮಾತ್ರೆ ತಗೊಂಡ್ರಾ?”

ಹನುಮವ್ವ ಸೆರಗಿನ ತುದಿಯ ಗಂಟನ್ನು ಹಲ್ಲಿನಿಂದ ಸಡಿಲಿಸಿ ನನ್ನ ಅಂಗೈಗೆ ಕೊಡವಿದರು. ಎರಡೂ ಮಾತ್ರೆಗಳು ಒಡೆಯದೆ ಹಾಗೇ ಇದ್ದವು.

“ಹೊಸಾ ಗುಳಿಗಿ ಯಾರ ಕೊಟ್ರೂ ಮೊದಲ ನನಗ ತೋರಸ್ರಿ ಅಂತ ದವಾಖಾನ್ಯಾಗ ನೀನ ಹೇಳಿದ್ದಿಲ್ಲೇನು? ರಾತ್ರಿ ನೀ ಡ್ಯೂಟಿಗೆ ಹೋಗಿದ್ದಿ. ಬೋರಮ್ಮಗ ಬ್ಯಾಡ ಅಂದ್ರ ಬ್ಯಾಸರ ಮಾಡ್ಕೋತಾಳ. ಅದಕ್ಕ ನೀ ಸಿಕ್ಕಾಗ ಕೇಳೂಣಂತ ಗಂಟ ಹಾಕಿ ಇಟ್ಟಿದ್ದೆ.”

ನಾನು ಅತ್ತುಬಿಟ್ಟೆ. ಯೂನಿಫಾರ್ಮಿನಲ್ಲೇ, ಯಾರದೋ ಮದುವೆಯಲ್ಲಿ, ಅವರ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದೆ. ಹೆಣ್ಣು ಕಳಿಸಿಕೊಡುವ ದುಃಖ ಎಂದುಕೊಂಡು ಪಕ್ಕದ ಸಾಲಿನ ಹೆಂಗಸೊಬ್ಬರು ನನ್ನ ಬೆನ್ನು ಸವರಿದರು. “ಅಯ್ಯ, ಯಾಕ ಅಳ್ತಿ? ಹೊಟ್ಟಿಗೆ ಏನರ ತಿಂದಿಯೇನು?” ಎಂದರು ಹನುಮವ್ವ.

ಆಗ ಅತ್ತೆಯ ನೆನಪಾಯಿತು. ತಿರುಗಿ ನೋಡಿದೆ, ಇನ್ನೊಂದು ಸುತ್ತು ಬೈಯುವುದು ಬಾಕಿ ಇತ್ತು. ಅತ್ತೆ ಹೆಲ್ಮೆಟ್ ಹಾಕಿಕೊಂಡೇ ಬಂದು ಕಂಬ ಹಿಡಿದು ನಿಂತಿದ್ದರು. ಹಣೆಯ ಮೇಲೆ ಬೆವರು, ಕಾಲು ಇನ್ನೂ ಹೆಣೆದುಕೊಂಡೇ ಇತ್ತು.

“ತಗೊಂಡಿಲ್ಲ ತಾನೇ? ಹುಷಾರಾಗಿದಾಳಾ?”

“ಹುಷಾರಾಗಿದಾರೆ.”

ಅತ್ತೆ ಹನುಮವ್ವನ ಕೈ ಹಿಡಿದುಕೊಂಡು “ತಪ್ಪಾಯ್ತು ಕಣವ್ವ,” ಎಂದರು. ಮದುವೆಯಾಗಿ ಬಂದಾಗಿನಿಂದ ಆ ಬಾಯಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, ಜೀವ ಹೋಗುವ ದನಿಯಲ್ಲಿ ಕೇಳಿದರು.

“ಬಿಂದು, ಬಾತ್‌ರೂಮ್ ಎಲ್ಲೈತೆ?”

ಆಗ ಹೊಳೆಯಿತು. ತಿಂಡಿ ಆಯ್ತು, ಮಾತ್ರೆ ಆಯ್ತು! ಈ ಹೆಂಗಸೂ ಬೆಳಗ್ಗೆ ಮಾತ್ರೆ ನುಂಗಿಯೇ ಸ್ಕೂಟರ್ ಹತ್ತಿದ್ದರು. ಮಾಗಡಿ ರೋಡಿನ ಒಂದೊಂದು ಹಂಪನ್ನೂ, ಒಂದೊಂದು ಗುಂಡಿಯನ್ನೂ ಆ ಸ್ಥಿತಿಯಲ್ಲಿ ದಾಟಿ ಬಂದಿದ್ದರು.

“ಬಂಕಲ್ಲಿ ಇಳೀಬಾರ್ದಿತ್ತಾ ಅತ್ತೆ? ಹೋಟ್ಲಲ್ಲಾದ್ರೂ?”

“ಇಳಿದಿದ್ರೆ ಹೊತ್ತಾಗ್ತಿತ್ತು,” ಎಂದರು ಅತ್ತೆ. “ಅಷ್ಟೊತ್ತಲ್ಲಿ ಅವಳಿಗೆ ಏನಾದ್ರೂ ಆಗಿದ್ರೆ?”

ಬೈಯುವುದನ್ನು ಬಿಟ್ಟು, ಅತ್ತೆಯ ತೋಳು ಹಿಡಿದು ಹಾಲಿನ ಹಿಂಭಾಗಕ್ಕೆ ಕರೆದೊಯ್ದೆ. ಅಲ್ಲಿ ಭಜನಾ ಮಂಡಳಿ ಸಾಲಾಗಿ ನಿಂತಿತ್ತು. ಅತ್ತೆಯನ್ನು ಕಂಡದ್ದೇ ತಡ, ಎಲ್ಲರ ಕಣ್ಣೂ ಕೆಂಪಾದವು.

“ಬನ್ನಿ ಬೋರಮ್ಮಾರೇ, ಬನ್ನಿ. ಒಳ್ಳೇ ತಾಂಬೂಲ ಕೊಟ್ರಿ. ಹಿಂದ್ಗಡೆ ನಿಂತ್ಕೊಳ್ಳಿ, ಕ್ಯೂ ಇದೆ.”

ಅತ್ತೆ ಹೋಗಿ ಕೊನೆಯಲ್ಲಿ ನಿಂತರು. ಆಗ ಹಿಂದಿನಿಂದ ಹನುಮವ್ವ ನಿಧಾನಕ್ಕೆ ನಡೆದು ಬಂದು, ಅವರ ರಟ್ಟೆಗೆ ಕೈಹಾಕಿ, ಸಾಲನ್ನು ಸೀಳಿಕೊಂಡು ಮುಂದಕ್ಕೆ ಹೊರಟರು. “ಬಿಡ್ರವಾ ದಾರಿ! ನನ್ನ ಸಲವಾಗಿ ತಡಕೊಂಡು ಬಂದಾಳ. ಬಿಡ್ರಿ, ಬಿಡ್ರಿ!” ಎಂದು ಗದರಿಸಿ, ಅತ್ತೆಯ ತಲೆಯಿಂದ ಹೆಲ್ಮೆಟ್ ಬಿಚ್ಚಿ ತನ್ನ ಕಂಕುಳಲ್ಲಿ ಇಟ್ಟುಕೊಂಡು, ಅವರನ್ನು ಒಳಗೆ ನೂಕಿ ಬಾಗಿಲಿಗೆ ಕಾವಲು ನಿಂತರು.

ಒಳಗಿನಿಂದ ಬಹಳ ಹೊತ್ತಿನ ಮೇಲೆ “ರಂಗನಾಥಾ...” ಎಂಬ ದನಿ ಕೇಳಿಸಿತು. ಈ ಸಲ ಅದು ಕೃತಜ್ಞತೆ ಎಂದು ಸಾಲಿನಲ್ಲಿದ್ದ ಎಲ್ಲರಿಗೂ ತಿಳಿಯಿತು. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಸಾಲೇ ನಗತೊಡಗಿತು, ಬೇಡ ನಗಿಸಬೇಡಿ, ಈಗ ನಗೋ ಹಾಗಿಲ್ಲ ಎಂದು ಒಬ್ಬರಿಗೊಬ್ಬರು ಹೇಳುತ್ತಲೇ ನಕ್ಕರು.

ಅತ್ತೆ ಹೊರಗೆ ಬಂದ ಮೇಲೆ ಎಲ್ಲರನ್ನೂ ಕುರ್ಚಿಗಳಲ್ಲಿ ಕೂರಿಸಿ ಒಬ್ಬೊಬ್ಬರ ನಾಡಿ ನೋಡಿದೆ, ಮದುವೆ ಮನೆಯವರಿಂದ ಮಜ್ಜಿಗೆ ಕೇಳಿ ತಂದು ಕುಡಿಸಿದೆ, ಉಳಿದಿದ್ದ ಮಾತ್ರೆಗಳನ್ನೆಲ್ಲ ವಸೂಲಿ ಮಾಡಿ ಬ್ಯಾಗಿಗೆ ಹಾಕಿಕೊಂಡೆ. ಕಲಾವತಿ ಆಂಟಿ ನಿಧಾನಕ್ಕೆ ಎದ್ದು ಕೂತರು. ತಲೆ ಸುತ್ತು ಇಳಿದಿತ್ತು. ಆಮೇಲೆ ಅತ್ತೆಯನ್ನು ಎಲ್ಲರ ಮುಂದೆ ನಿಲ್ಲಿಸಿಕೊಂಡು, ಬಿಟ್ಟುಹೋಗಿದ್ದ ಆ ಒಂದು ಮಾತನ್ನು ಬಿಡಿಬಿಡಿಯಾಗಿ ಹೇಳಿದೆ.

“ಈಗ ನೀವು ಹೇಳಿ, ನಾನೇನು ಹೇಳ್ದೆ?”

“ನನ್ನ ಮಾತ್ರೆ ನನಗೊಬ್ಬಳಿಗೇ. ಯಾರಿಗೂ ಕೊಡಬಾರ್ದು.”

“ಮತ್ತೆ?”

ಅತ್ತೆ ಸ್ವಲ್ಪ ಯೋಚಿಸಿದರು. “ಕೊಟ್ರೂ, ಟೆಂಪೋ ಬುಕ್ ಆಗಿರೋ ದಿನ ಕೊಡಬಾರ್ದು.”

“ಅತ್ತೇ!”

“ಸರಿ ಸರಿ, ಕೊಡಬಾರ್ದು, ಬಿಡೇ,” ಎಂದು ಹನುಮವ್ವನ ಪಕ್ಕದ ಕುರ್ಚಿಯಲ್ಲಿ ಕೂತು, ಅವರ ಕೈಯಲ್ಲಿದ್ದ ಮಜ್ಜಿಗೆ ಲೋಟ ನೋಡಿದರು. “ಇವಳು ಇದನ್ನ ಕುಡೀಬಹುದಾ? ಕೇಳ್ತಾ ಇದೀನಪ್ಪ, ಆಮೇಲೆ ನನ್ನ ಮೇಲೆ ಹಾಕ್ಬೇಡ.”

ವೆಂಕಟರಮಣಪ್ಪನವರು ಊಟ ಮಾಡಿಸದೆ ಬಿಡಲಿಲ್ಲ. ನಾವು ಯಾವ ಕಡೆಯವರೂ ಅಲ್ಲ ಎಂದು ನಾನು ಹೇಳಿದೆ, ಅವರು ನಂಬಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ತಾಂಬೂಲದ ಚೀಲ ಕೊಟ್ಟರು. ಕಲಾವತಿ ಆಂಟಿಯಿಂದ ಹಿಡಿದು ಎಲ್ಲರೂ ಅಲ್ಲೇ ನಿಂತು, ಚೀಲದ ಬಾಯಿ ಅಗಲಿಸಿ, ತೆಂಗಿನಕಾಯಿ ಪಕ್ಕಕ್ಕೆ ಸರಿಸಿ, ತಳದ ತನಕ ಇಣುಕಿ ನೋಡಿದರು. ವೆಂಕಟರಮಣಪ್ಪನವರ ಮುಖ ಸಣ್ಣದಾಯಿತು.

“ಯಾಕಮ್ಮಾ, ಏನಾದ್ರೂ ಕಡಿಮೆ ಆಯ್ತಾ?”

“ಏನೂ ಇಲ್ಲ ಬಿಡಿ ಸಾರ್,” ಎಂದರು ಅತ್ತೆ. “ಎಲೆ ಅಡಿಕೆ ಇದ್ರೆ ಸಾಕು.”